ಕೂಡೋದಕ್ಕೂ ಒಂದು ಅಳತಿ ಬೇಕ್ರಿ

ಕೂಡುವ ವಿಷಯದಲ್ಲಿ ಬೆಳಗಾವಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪೇಟೆಯ ಹಳೆಯ ಬಟ್ಟೆ ಅಂಗಡಿಗಳಿಗೆ ಹೋಗಿ ನೋಡಿ. ಬಿಳಿ ಹಾಸಿನ ಗಾದಿ, ಬೆನ್ನಿಗೊಂದು ಲೋಡು, ಮಗ್ಗುಲಿಗೊಂದು ಲೋಡು, ನಡುವೆ ಮಾಲಕರು. ಮದುವೆ ಜವಳಿಗೆ ಬಂದ ಬೀಗರು ಅರ್ಧ ಅಂಗಡಿ ಬಿಚ್ಚಿಸಿ, ‘ಇದರಾಗ ಗಿಳಿಹಸರ ಇಲ್ಲೇನ್ರಿ?’ ಅಂದರೂ ಅವರು ಕೂತಲ್ಲಿಂದ ಕದಲುವುದಿಲ್ಲ. ಬಿಚ್ಚಲು ಒಬ್ಬ, ಮಡಚಲು ಇನ್ನೊಬ್ಬ. ಮಾಲಕರ ಪಾಲಿಗೆ ‘ಏ, ಆ ಮ್ಯಾಲಿನ ಗಂಟು ಇಳಸೋ’ ಎಂಬ ಮಾತು, ಕೊನೆಗೆ ದುಡ್ಡು. ನಮ್ಮ ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣ, ಈ ಪರಂಪರೆಯ ಕುಡಿ. ಎಡ ಮೊಣಕೈ ಲೋಡಿಗೆ ಊರಿ, ಬಲಗೈಯಿಂದ ಗಲ್ಲಾ ತೆರೆದು ಮುಚ್ಚುತ್ತ ಅರ್ಧ ಆಯುಷ್ಯ ಕಳೆದವನು.

ಅಂಥವನಿಗೆ ಡಾಕ್ಟರು ನಡೆಯಲು ಹೇಳಿದರು. ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ ಟಿಳಕವಾಡಿಯೇ ಬೆಳಿಗ್ಗೆ ಎದ್ದು ನಡೆಯುತ್ತದೆಯಲ್ಲ, ಅಲ್ಲಿಗೆ ಇವನೂ ಹೋದ. ಹೋಗಿ ಒಂದು ಒಳ್ಳೆಯ ಕಟ್ಟೆ ಹುಡುಕಿ ಕೂತು, ನಡೆಯುವವರನ್ನು ನೋಡಿ ಬಂದ. ಮನೆಗೆ ಬಂದು ಮಗಳಿಗೆ ಕೇಳಿದ: ‘ಕುಂತಲ್ಲೇ ಮಾಡೂ ವ್ಯಾಯಾಮ ಯಾವುದರ ಇದ್ರ ಹೇಳವಾ.’

ಮಗಳು ಬೆಂಗಳೂರಿನಲ್ಲಿ ನೌಕರಿ ಮಾಡುವವಳು, ರಜೆಗೆ ಬಂದಿದ್ದಳು. ಕಾಲೇಜಿನ ದಿನಗಳಲ್ಲಿ ಲೋಂಡಾ, ರಾಮನಗರ ದಾಟಿ ಗಣೇಶಗುಡಿಗೆ ಹೋಗಿ ಕಾಳಿ ನದಿಯಲ್ಲಿ ರಬ್ಬರ್ ರಾಫ್ಟ್ ಏರಿದ್ದೇ ನೆಪ, ಅಂದಿನಿಂದ ನೀರಿನ ಹುಚ್ಚು. ಅಲ್ಲಿ ಕಾಳಿಯ ರಭಸ ಮಳೆರಾಯನ ಕೈಯಲ್ಲಿಲ್ಲ. ಮೇಲೆ ಸೂಪಾ ಅಣೆಕಟ್ಟಿನ ವಿದ್ಯುತ್ ಮನೆಯವರು ಯಂತ್ರ ತಿರುಗಿಸಿ ಎಷ್ಟು ನೀರು ಬಿಡುತ್ತಾರೋ ಅಷ್ಟೇ ಕುಣಿತ. ರಾಫ್ಟಿನಿಂದ ಶುರುವಾದದ್ದು ಕಯಾಕಿಗೆ ಬಂದು ನಿಂತಿತ್ತು. ‘ಹಂಗಾದ್ರ ಕಯಾಕ್ ಅದ ನೋಡಪ್ಪಾ, ಕುಂತs ಮಾಡೂದು’ ಅಂದಳು. ‘ಕುಂತs’ ಎಂಬ ಒಂದೇ ಮಾತು ಅಣ್ಣನ ಕಿವಿಗೆ ಬಿತ್ತು. ಮುಂದಿನದು ಬೀಳಲಿಲ್ಲ.

ದೋಣಿ ಬಂದದ್ದು ಗೋವಾದಿಂದ. ಯಾರೋ ಬಳಸಿ ಬಿಟ್ಟದ್ದು, ಹದಿನಾಲ್ಕು ಅಡಿ ಉದ್ದದ ಹಳದಿ ಪ್ಲಾಸ್ಟಿಕ್ಕು. ಅದನ್ನು ಕಾರಿನ ತಲೆಗೆ ಬಿಗಿದು ಚೋರ್ಲಾ ಘಾಟು ಹತ್ತಿಸಿ, ಕಣಕುಂಬಿ, ಜಾಂಬೋಟಿ ಮಾರ್ಗವಾಗಿ ತಂದರು. ಗೋವಾದಿಂದ ಬರುವ ಗಾಡಿಯೆಂದರೆ ನಾಕಾದಲ್ಲಿ ಏನು ಹುಡುಕುತ್ತಾರೆ ಎಂದು ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕೆ? ಇಷ್ಟು ದೊಡ್ಡ ಪೊಳ್ಳು ಕೊಳವೆಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಒಬ್ಬಾತ ಭುಜದವರೆಗೆ ಕೈ ಹಾಕಿ ತಡಕಾಡಿದ. ಸಿಕ್ಕಿದ್ದು ಹಳೆಯ ನೀರು ಕುಡಿದು ಕಪ್ಪಾದ ಒಂದು ಸ್ಪಂಜಿನ ತುಂಡು. ಅದನ್ನು ಮೂಸಿ ನೋಡಿ, ಮುಖ ಕಿವಿಚಿ, ‘ಹೋಗ್ರಿ ಹೋಗ್ರಿ’ ಅಂದ.

ಆ ಸ್ಪಂಜನ್ನು ಅಣ್ಣನೂ ಮೂಸಿ ನೋಡಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಅವನು ಮಾಡಿದ್ದೇನೆಂದರೆ, ಮನೆಯ ಮುಂದಿನ ಪೋರ್ಚಿನಲ್ಲಿ ದೋಣಿ ಇರಿಸಿ, ಒಳಗೆ ಸೋಫಾದ ಕುಶನ್ ಹಾಕಿ, ಬೆನ್ನಿಗೆ ಅಂಗಡಿಯಿಂದ ತಂದ ಸಣ್ಣ ಲೋಡು ಕೊಟ್ಟು, ಇಳಿದು ಕೂತ. ಕೂತ ಶೋಭೆ ಏನು ಹೇಳಲಿ! ಹುಟ್ಟು ಹಿಡಿಯುವ ಕೈಗೆ ಚಹಾದ ಕಪ್ಪು ಬಂತು. ಓಣಿಯ ಜನ ಬಂದು ನೋಡಿ ಹೋದರು. ‘ಬಾತ್‌ಟಬ್ ಛಲೋ ಐತ್ರಿ, ನಳ ಎಲ್ಲಿ ಕೂಡಸ್ತೀರಿ?’ ಎಂದು ಎದುರುಮನೆಯ ಮಾಸ್ತರರು ಕೇಳಿದರು. ವೈನಿ ಮಾತ್ರ ಒಳಗಿಂದಲೇ, ‘ಇಷ್ಟ ದುಡ್ಡು ಕೊಟ್ಟು ಕೂಡೂಕ ಇದೊಂದ ಕಮ್ಮಿ ಆಗಿತ್ತು’ ಅಂದರು.

ಅದೇ ಸಾಜಿನೊಂದಿಗೆ ಖಾನಾಪುರಕ್ಕೆ ಹೋದದ್ದಾಯಿತು. ಮಲಪ್ರಭೆಯದೂ ಒಂದು ಸ್ವಭಾವವಿದೆ. ಕಣಕುಂಬಿಯಲ್ಲಿ ಹುಟ್ಟಿ, 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಹೊಳೆ. ಮಳೆಗಾಲದಲ್ಲಿ ಹಬ್ಬಾನಟ್ಟಿಯ ಮಾರುತಿ ದೇವರನ್ನೇ ಮುಳುಗಿಸುತ್ತಾಳೆ, ಬೇಸಿಗೆಯಲ್ಲಿ ಎಮ್ಮೆಯ ಹೊಟ್ಟೆಯೂ ತೋಯುವುದಿಲ್ಲ. ಇವೆರಡರ ನಡುವೆ, ದಸರಾ ಕಳೆದ ಮೇಲೆ, ನೀರು ತಿಳಿಯಾಗಿ ನಿಂತ ಕೆಲವು ವಾರಗಳಲ್ಲಿ ದೋಣಿಯವರಿಗೆ ಅಷ್ಟಿಷ್ಟು ಅವಕಾಶ. ಸೊಂಟಮಟ್ಟದ ನೀರು, ಮೈಮೇಲೆ ಲೈಫ್ ಜಾಕೆಟ್, ಪಕ್ಕದಲ್ಲಿ ಮಗಳು. ಅಣ್ಣ ಎರಡು ಬಾರಿ ಹುಟ್ಟು ಹಾಕಿದ. ಮೂರನೆಯದಕ್ಕೆ ಹಳದಿ ದೋಣಿ ಹೊಟ್ಟೆ ಮೇಲೆ ಮಾಡಿತು. ಅಣ್ಣ ಬೇರೆ, ಕುಶನ್ ಬೇರೆ, ಲೋಡು ಬೇರೆ ತೇಲಿದರು. ಲೋಡು ಮಾತ್ರ ಹತ್ತಿಯದಾದ್ದರಿಂದ ಸ್ವಲ್ಪ ಹೊತ್ತು ಯೋಚಿಸಿ ಮುಳುಗಿತು.

‘ದೋಣಿ ಸರಿ ಇಲ್ಲ’ ಎಂದು ಅಣ್ಣ ದಡದಲ್ಲಿ ತೀರ್ಪು ಕೊಟ್ಟ.

‘ದೋಣಿ ಸರಿ ಐತಿ, ನೀ ಕುಂತದ್ದು ಸರಿ ಇಲ್ಲ’ ಅಂದಳು ಮಗಳು.

ಬೆಳಗಾವಿಯ ಒಬ್ಬ ಬಟ್ಟೆ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ?

ಅವಳು ಹೇಳಿದ್ದರಲ್ಲಿ ಲೆಕ್ಕವಿತ್ತು. ಕಯಾಕಿನ ಸೀಟು ತಳಕ್ಕೆ ಹತ್ತಿಕೊಂಡಷ್ಟು ಕೆಳಗೆ ಇರುವುದು ಕಂಪನಿಯವರ ಜಿಪುಣತನದಿಂದ ಅಲ್ಲ. ಕೂತವನ ಭಾರ ಒಂದೆರಡು ಇಂಚು ಮೇಲೇರಿದರೂ ದೋಣಿಯ ಸ್ಥಿರತೆ ಗಣನೀಯವಾಗಿ ಇಳಿಯುತ್ತದೆ. ಸೋಫಾದ ಕುಶನ್ ಮೇಲೆ ಕೂತವನು ಅಲೆಯ ಮೇಲೆ ಅಲ್ಲ, ಮೊದಲು ಕುಶನ್ ಮೇಲೆಯೇ ಓಲಾಡುತ್ತಾನೆ. ಮೆತ್ತನೆಯದು ಬೇರೆ, ಹಿತವಾದದ್ದು ಬೇರೆ. ನಮ್ಮ ಪೇಟೆಯಲ್ಲಿ ಇವೆರಡೂ ಒಂದೇ ದರಕ್ಕೆ ಮಾರಾಟವಾಗುವುದರಿಂದ ಅಣ್ಣನಿಗೆ ಇದು ಹೊಸ ಸುದ್ದಿ.

‘ಅಪ್ಪಾ, ದೋಣ್ಯಾಗ ಕೂಡೂದಲ್ಲ, ದೋಣಿ ತೊಟ್ಗೋಬೇಕು.’

‘ತೊಟ್ಗೊಳ್ಳೂದಾದ್ರ ಅಳತಿ ಕೊಟ್ಟು ಹೊಲಿಸಬೇಕಾಗಿತ್ತು. ರೆಡಿಮೇಡ್ ಯಾಕ ತರಿಸಿದಿ?’

ಅಣ್ಣ ಜಗಳಕ್ಕೆ ಕೇಳಿದ ಪ್ರಶ್ನೆ, ಆದರೆ ಇತಿಹಾಸ ಅವನ ಕಡೆಗೇ ಇದೆ. ಗ್ರೀನ್‌ಲ್ಯಾಂಡಿನ ಇನುಯಿಟ್ ಬೇಟೆಗಾರರು ಕಯಾಕನ್ನು ಮೈ ಅಳತೆಗೇ ಕಟ್ಟುತ್ತಿದ್ದರು. ಕೈ ಚಾಚಿದ ಮಾರಿನ ಮೂರು ಪಟ್ಟು ಉದ್ದ, ಟೊಂಕದ ಅಗಲಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು ಅಗಲ. ಕಟ್ಟಿಗೆಯ ಹಂದರ, ಮೇಲೆ ಸೀಲ್ ಪ್ರಾಣಿಯ ಚರ್ಮ ಹೊಲಿದು ಬಿಗಿಯುವುದು. ಒಬ್ಬನ ದೋಣಿ ಇನ್ನೊಬ್ಬನಿಗೆ ಒಗ್ಗುವುದು ದುರ್ಲಭ. ನಮ್ಮ ಕಾಲಕ್ಕೆ ಕಾರಖಾನೆ ಬಂತು. ಅಚ್ಚಿನಿಂದ ಇಳಿಯುವ ಪಾಲಿಥೀನ್ ದೋಣಿಗೆ ಅಣ್ಣನ ಟೊಂಕವೂ ಒಂದೇ, ನನ್ನ ಟೊಂಕವೂ ಒಂದೇ. ಆದ್ದರಿಂದ ಹೊರಗಿನ ಆಕಾರ ಕಂಪನಿಯದು, ಒಳಗಿನ ಹೊಲಿಗೆ ನಮ್ಮದು.

ಒಳಗೆ ಮೈ ತಾಗಬೇಕಾದ ಜಾಗ ಬೆರಳೆಣಿಕೆಯವು. ಅಂಗಾಲು ಫುಟ್ ಪೆಗ್ಗಿಗೆ, ತೊಡೆ ಮೇಲಿನ ಥೈ ಬ್ರೇಸಿಗೆ, ಟೊಂಕ ಎರಡೂ ಬದಿಯ ಪ್ಯಾಡಿಗೆ, ಕುಂಡೆ ಸೀಟಿಗೆ, ಬೆನ್ನಿನ ತಳ ಪಟ್ಟಿಗೆ. ಇವಿಷ್ಟು ಸರಿಯಾಗಿ ತಾಗಿದರೆ, ಮೊಣಕಾಲು ಎತ್ತಿದ ಕಡೆ ದೋಣಿಯ ಅಂಚು ಏಳುತ್ತದೆ, ಟೊಂಕ ತಿರುಗಿದ ಕಡೆ ದೋಣಿ ತಿರುಗುತ್ತದೆ. ತಾಗದಿದ್ದರೆ ನೀವು ಒಳಗೆ ಜಾರಾಡುತ್ತೀರಿ, ದೋಣಿ ತನ್ನ ಪಾಡಿಗೆ ತಾನು ಹೋಗುತ್ತದೆ. ವಡಗಾವಿಯಲ್ಲಿ ಹಳೆಯ ಕುಣಿಮಗ್ಗದ ಮುಂದೆ ನೇಕಾರ ಕೂಡುವುದನ್ನು ಕಂಡವರಿಗೆ ಇದು ಥಟ್ಟನೆ ತಿಳಿಯುತ್ತದೆ. ಅರ್ಧ ಮೈ ಕುಣಿಯೊಳಗೆ, ಕಾಲು ತುಳಿಗೋಲಿನ ಮೇಲೆ. ನೋಡುವವರ ಕಣ್ಣು ಲಾಳಿ ಎಸೆಯುವ ಕೈಯ ಮೇಲಿರುತ್ತದೆ, ಸೀರೆಯ ನೇಯ್ಗೆ ನಡೆಯುವುದು ಕೆಳಗಿನ ಕಾಲಿನಿಂದ. ಅಣ್ಣ ಅದೇ ಶಹಾಪುರ–ವಡಗಾವಿಯ ಸೀರೆ ಮಾರುತ್ತ ಬದುಕಿದವನು. ಆದರೆ ಕುಣಿಯೊಳಗೆ ಕಾಲು ಏನು ಮಾಡುತ್ತದೆ ಎಂದು ಗಾದಿಯ ಮೇಲಿಂದ ಕಾಣುವುದಿಲ್ಲವಲ್ಲ.

‘ಹುಟ್ಟು ಹಾಕೂದು ಕೈಲೆ. ಕಾಲಿನ ಉಸಾಬರಿ ಯಾಕ?’ ಎಂದು ಅವನು ಬಿಡಲಿಲ್ಲ. ಮಗಳು ಪ್ಯಾರಾ ಕನೂ ಸ್ಪರ್ಧೆಯ ಉದಾಹರಣೆ ತೆಗೆದಳು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಪ್ರಾಚಿ ಯಾದವ್ ಕಯಾಕಿನಲ್ಲಿ ಚಿನ್ನ ಗೆದ್ದದ್ದು ಕೆಎಲ್2 ಎಂಬ ವರ್ಗದಲ್ಲಿ. ಆ ವರ್ಗ ಹಂಚುವಾಗ ಕೈಯನ್ನು ನೋಡುವುದಿಲ್ಲ, ಸೊಂಟದ ಮೇಲಿನ ಮೈ ಎಷ್ಟು ತಿರುಗುತ್ತದೆ, ಕಾಲು ಎಷ್ಟು ಒತ್ತುತ್ತದೆ ಎಂದು ನೋಡುತ್ತಾರೆ. ಕಾಲಿನ ಒತ್ತಿಗೆ ಅಷ್ಟು ಬೆಲೆ ಇರುವುದರಿಂದಲೇ ಅದು ಇದ್ದವರನ್ನೂ ಇಲ್ಲದವರನ್ನೂ ಒಂದೇ ಓಟಕ್ಕೆ ನಿಲ್ಲಿಸುವುದಿಲ್ಲ. ಅಣ್ಣ ತನ್ನ ಎರಡು ಗಟ್ಟಿ ಕಾಲುಗಳನ್ನು ನೋಡಿಕೊಂಡು ಸುಮ್ಮನಾದ.

ಈಗ ಸಲಹೆಗಾರರ ಸರದಿ. ಖಾನಾಪುರದಲ್ಲಿ ಅದಕ್ಕೇನು ಬರವೆ? ದಡದಲ್ಲಿ ನಿಂತಿದ್ದ ಅಣ್ಣನ ಹಳೆಯ ಗಿರಾಕಿಯೊಬ್ಬರು, ‘ಸಾವಕಾರ್ರ, ಅಳತಿ ಬೇಕಾದ್ರ ಮಣ್ಣಾಗ ಕುಂಡ್ರರಿ’ ಅಂದರು. ತಮಾಷೆಯ ಮಾತಲ್ಲ. ಖಾನಾಪುರದ ಮಣ್ಣೆಂದರೆ ಹಂಚು, ಇಟ್ಟಿಗೆ, ಗಡಿಗೆಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದವರು ಕುಂಬಾರಿಕೆ ಕಲಿಸುವ ಸಂಸ್ಥೆಯನ್ನು ಹುಡುಕಿಕೊಂಡು ಬಂದು ಇಟ್ಟದ್ದು ಈ ಊರಿನಲ್ಲೇ. ಪರಿಚಯದ ಒಬ್ಬ ಕುಂಬಾರರ ಅಂಗಳದಲ್ಲಿ ಹದ ಮಾಡಿಟ್ಟ ಮಣ್ಣನ್ನು ಹಲಗೆಯ ಮೇಲೆ ದಪ್ಪಗೆ ಹರಡಿದರು. ಮೇಲೊಂದು ಪ್ಲಾಸ್ಟಿಕ್ ಹಾಳೆ. ಅಣ್ಣ ಗಂಭೀರವಾಗಿ ಕಾಲು ಚಾಚಿ ಕೂತ, ಎದ್ದ.

ಕುಂಬಾರರು ಬಗ್ಗಿ ನೋಡಿದರು. ‘ಒಣಗಿಸಿ ಭಟ್ಟಿಗೆ ಹಾಕಲೇನ್ರಿ?’

ಹಾಕಬೇಕಾದಂಥ ಐಟಮ್ಮೇ ಅದು. ಕೂತಾಗ ಕೆಳಗೆ ಊರುವ ಎರಡು ಎಲುಬಿನ ಗುರುತು ಎರಡು ತಗ್ಗಾಗಿ ಬಿದ್ದಿತ್ತು. ಬಲಗಡೆಯದು ಒಂದು ಬಟ್ಟಲಷ್ಟು, ಎಡಗಡೆಯದು ಅದರ ಒಂದೂವರೆಯಷ್ಟು ಆಳ. ಮಗಳು ಬೆರಳು ಇಟ್ಟು ಎರಡನ್ನೂ ಅಳೆದು ಅಪ್ಪನ ಮುಖ ನೋಡಿದಳು. ಎಡ ಮೊಣಕೈಗೆ ಲೋಡು ಕೊಟ್ಟು ಕೂತ ಅಷ್ಟೂ ವರ್ಷಗಳ ವ್ಯಾಪಾರದ ಖಾತೆ ಮಣ್ಣಿನಲ್ಲಿ ಇಳಿದಿತ್ತು. ನೀರಿನಲ್ಲಿ ಹಾಕಿದ ಎರಡು ಹುಟ್ಟಿಗೂ ದೋಣಿಯ ಮೂತಿ ಬಲಕ್ಕೇ ಹೋದದ್ದೇಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಉದ್ದನೆಯ ಕಯಾಕು ಎಡಕ್ಕೆ ವಾಲಿದರೆ ಬಲಕ್ಕೆ ತಿರುಗುತ್ತದೆ, ಅದರ ಗುಣವೇ ಹಾಗೆ. ಅಣ್ಣ ಇಷ್ಟು ಹೊತ್ತೂ ಹೊಳೆಯ ಸೆಳವನ್ನು ಬೈಯುತ್ತಿದ್ದ. ಪಾಪ, ಮಲಪ್ರಭೆ.

ಅಳತೆ ಸಿಕ್ಕಿತು, ಅರಿವೆ ಬೇಕಲ್ಲ? ಬೆಳಗಾವಿಗೆ ಮರಳಿ ಗಾದಿ, ಕುಶನ್ ಮಾಡುವ ಚಾಚಾನ ಅಂಗಡಿಗೆ ಹೋದೆವು. ಅಣ್ಣನ ಅಂಗಡಿಯ ಗಾದಿ, ಲೋಡುಗಳೆಲ್ಲ ಅವರ ಕೈಯವೇ. ದೋಣಿಯ ಮಾತು ಕೇಳಿ ಚಾಚಾ ತಮ್ಮಲ್ಲಿನ ಅತಿ ಮೆತ್ತನೆಯ ಫೋಮನ್ನು ಹೆಮ್ಮೆಯಿಂದ ಹೊರತೆಗೆದರು. ಮಗಳು ಅದನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು, ಅರ್ಧ ಬಕೆಟ್ ನೀರು ಸುರಿಯಿತು. ಸ್ಪಂಜಿನ ತೂತುಗಳು ಒಂದಕ್ಕೊಂದು ಸೇರಿರುತ್ತವೆ, ನೀರು ಕುಡಿದು ಕೂಡುತ್ತವೆ. ಕಯಾಕಿಗೆ ಬೇಕಾದದ್ದು ಗುಳ್ಳೆ ಗುಳ್ಳೆಯೂ ಮುಚ್ಚಿಕೊಂಡ, ನೀರು ಹೀರದ, ಒತ್ತಿದರೆ ತುಸು ತಗ್ಗಿ ಮತ್ತೆ ನೆಟ್ಟಗಾಗುವ ಗಟ್ಟಿ ಫೋಮು. ಹೊರದೇಶದಲ್ಲಿ ಇದಕ್ಕಾಗಿಯೇ ಮಿನಿಸೆಲ್ ಎಂಬ ಮಾಲು ಸಿಗುತ್ತದೆ. ಬೆಳಗಾವಿಯಲ್ಲಿ ಅದೇ ಜಾತಿಯ ಇವಿಎ ಎಲ್ಲಿ ಸಿಕ್ಕೀತು ಎಂದು ಯೋಚಿಸುತ್ತಿದ್ದಾಗ ಚಾಚಾನ ಮೊಮ್ಮಗ ಕೂತಿದ್ದ ಎಬಿಸಿಡಿ ಚಾಪೆ ಕಣ್ಣಿಗೆ ಬಿತ್ತು. ಮಕ್ಕಳ ಕೋಣೆಗೆ ಹಾಸುತ್ತಾರಲ್ಲ, ಒಂದಕ್ಕೊಂದು ಸಿಕ್ಕಿಸುವ ಬಣ್ಣದ ಚೌಕಗಳು. ಆಟಿಕೆ ಅಂಗಡಿಯಿಂದ ಎರಡು ಸೆಟ್ ಬಂತು.

ಮುಂದಿನ ಕೆಲಸ ನೋಡುವಂಥದ್ದು. ಚೌಕಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡಿ, ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ಆಕಾರ ತೆಗೆದು, ಬಡಿಗರ ಕಾನಸು ತಿಕ್ಕಿ, ಕೊನೆಗೆ ಪಾಲಿಷ್ ಪೇಪರ್. ಇಲ್ಲಿ ಒಂದೇ ಶಿಸ್ತು: ದಪ್ಪದಿಂದ ಶುರುಮಾಡಿ ತುಸು ತುಸುವೇ ತೆಗೆಯಬೇಕು. ಮೊದಲು ಟೇಪ್ ಹಚ್ಚಿ ಕೂಡಿಸಿ ನೋಡಬೇಕು, ಹೊಳೆಗೆ ಹೋಗುವ ಬಟ್ಟೆಯಲ್ಲೇ ಕೂಡಬೇಕು. ಅಣ್ಣ ಧೋತರದಲ್ಲಿ ಅಳತೆಗೆ ಕೂತು, ನೀರಿಗೆ ಚಡ್ಡಿಯಲ್ಲಿ ಇಳಿದರೆ ಲೆಕ್ಕ ತಪ್ಪುತ್ತದೆ. ಎಡ ಟೊಂಕದ ಕಡೆ ಒಂದು ಪದರ ಹೆಚ್ಚು ಇಟ್ಟರು, ಸಾವಕಾರರು ಲೋಡು ಹುಡುಕಿಕೊಂಡು ಆ ಕಡೆ ಜಾರದಂತೆ. ತಿಕ್ಕಿ ಮುಗಿದಾಗ ಎಡ ಟೊಂಕಕ್ಕೆ ‘ಜಿ’, ಬಲಕ್ಕೆ ‘ಎಸ್’, ತೊಡೆಯ ಮೇಲೆ ‘ಟಿ’ ಬಂದು ನಿಂತಿತ್ತು. ಬಟ್ಟೆ ವ್ಯಾಪಾರಿಗೆ ಈ ಮೂರಕ್ಷರ ಒಟ್ಟಿಗೆ ಕಂಡರೆ ಏನಾಗಬೇಕು? ‘ಇಲ್ಲಿನೂ ಬಂತಲ್ಲೋ ತಮ್ಮಾ!’ ಎಂದು ನನ್ನ ಕೈ ಹಿಡಿದುಕೊಂಡ.

ಅಂಟಿಸುವುದು ಚಾಚಾನ ಪಾಲು. ಪಾಲಿಥೀನಿಗೆ ಅಂಟು ಸಲೀಸಾಗಿ ಹಿಡಿಯುವುದಿಲ್ಲ. ಮೊದಲು ಸ್ಪಿರಿಟ್ ಹಚ್ಚಿ ಒರೆಸಿ, ಒರಟು ಕಾಗದದಿಂದ ಗೀರು ಎಬ್ಬಿಸಬೇಕು. ಕುಶನ್ ಕೆಲಸದ ಎಸ್‌ಆರ್ ಅಂಟನ್ನು ಎರಡೂ ಮುಖಕ್ಕೆ ತೆಳ್ಳಗೆ ಸವರಿ, ಗಾಳಿಗೆ ಬಿಟ್ಟು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒಂದೇ ಸಲ ಒತ್ತುವುದು. ‘ಇದಕ ಹಿಂದ ಮುಂದ ಸರಸೂದು ಗೊತ್ತಿಲ್ಲರಿ. ಕುಂತಲ್ಲಿ ಕುಂತು’ ಎಂದರು ಚಾಚಾ. ಅಣ್ಣನಿಗೆ ಈ ಅಂಟಿನ ಮೇಲೆ ಅಭಿಮಾನ ಮೂಡಿತು. ಫುಟ್ ಪೆಗ್ಗನ್ನು ಒಂದು ಹಲ್ಲು ಹಿಂದಕ್ಕೆ ತಂದದ್ದು, ಮೊಣಕಾಲು ತುಸು ಮಡಚಿ ಹೊರಕ್ಕೆ ಅಗಲಿ ಬ್ರೇಸಿಗೆ ತಾಗುವಂತಾದದ್ದು, ಇವೆಲ್ಲ ಐದು ನಿಮಿಷದ ಕೆಲಸ.

ಆಮೇಲೆ ಶುರುವಾಯಿತು ಜೋಮಿನ ಗೋಳು. ಪೋರ್ಚಿನಲ್ಲಿ ಅರ್ಧ ತಾಸು ಕೂತರೆ ಅಣ್ಣನ ಕಾಲು ತೊಡೆಯಿಂದ ಕೆಳಗೆ ಇಲ್ಲವೇ ಇಲ್ಲ. ಜೋಮು ಹಿಡಿದರೆ ಸೀಟು ಗಟ್ಟಿಯೆಂದು ಎಲ್ಲರೂ ಬೈಯುತ್ತಾರೆ, ಮೇಲೆ ಮತ್ತೊಂದು ಮೆತ್ತೆ ಹಾಕುತ್ತಾರೆ. ಬಹಳ ಸಲ ತಂಟೆ ಇರುವುದು ಸೀಟಿನ ಮುಂದೆ. ತೊಡೆಯ ಕೆಳಗೆ ಆಸರೆ ಇಲ್ಲದೆ ಇಡೀ ಭಾರ ಕೂಡುವ ಎಲುಬಿನ ಮೇಲೂ ಸೀಟಿನ ಮುಂದಿನ ಅಂಚಿನ ಮೇಲೂ ಬಿದ್ದು, ಕಾಲಿಗೆ ಇಳಿಯುವ ನರ ಒತ್ತುತ್ತದೆ. ತೊಡೆಯ ಕೆಳಗೆ ಇಳಿಜಾರಾಗಿ ಒಂದು ಫೋಮಿನ ತುಂಡು ಕೊಟ್ಟರೆ ಭಾರ ಹಂಚಿಹೋಗುತ್ತದೆ. ಚಕ್ಕಳಮಕ್ಕಳ ಹಾಕಿ ಜನ್ಮ ಕಳೆದವರ ತೊಡೆಯ ಹಿಂದಿನ ಸ್ನಾಯು ಬಿಗಿದುಕೊಂಡಿರುತ್ತದೆ ಎಂಬುದು ಇನ್ನೊಂದು ಕಾರಣ, ಅದಕ್ಕೆ ಫೋಮಿಲ್ಲ. ಬೆನ್ನಿಗೂ ಲೋಡಿನ ಬದಲು ಕೈಯಗಲದ ಪಟ್ಟಿ ಬಂತು, ಅದೂ ಕಾಕ್‌ಪಿಟ್ಟಿನ ಅಂಚಿಗಿಂತ ಕೆಳಗೆ. ಮೇಲೇರಿದರೆ ಸ್ಪ್ರೇ ಸ್ಕರ್ಟು ಕೂಡುವುದಿಲ್ಲ, ಹಿಂದಕ್ಕೆ ಬಾಗಲು ಬರುವುದಿಲ್ಲ. ‘ಹಂಗಾದ್ರ ಒರಗೂದು ಎಲ್ಲಿ?’ ಎಂದು ಅಣ್ಣ ಕೇಳಿದ. ಎಲ್ಲಿಯೂ ಇಲ್ಲ. ಒರಗಿದರೆ ನಡು ತಿರುಗುವುದಿಲ್ಲ, ನಡು ತಿರುಗದೆ ಬರೀ ತೋಳಿನಿಂದ ಎಳೆದರೆ ಅರ್ಧ ತಾಸಿಗೆ ಭುಜ ಸೋಲುತ್ತದೆ. ಕೂತು ಮಾಡುವ ವ್ಯಾಯಾಮವೆಂದು ನಂಬಿಸಿದವಳ ಕಡೆ ಅಣ್ಣ ನೋಡಿದ ನೋಟ ಬರೆಯಲು ಬರುವುದಿಲ್ಲ.

ಸ್ಪ್ರೇ ಸ್ಕರ್ಟೆಂದರೆ ಸೊಂಟಕ್ಕೆ ಹಾಕಿಕೊಂಡು ಕೆಳಗಿನ ಸುತ್ತನ್ನು ಕಾಕ್‌ಪಿಟ್ಟಿನ ಅಂಚಿಗೆ ಬಿಗಿಯುವ ಮುಚ್ಚಳ, ಒಳಗೆ ನೀರು ಬರದಂತೆ. ಗಂಡ ಸ್ಕರ್ಟು ಹಾಕಿಕೊಂಡು ಪೋರ್ಚಿನಲ್ಲಿ ನಿಂತ ದಿನ ವೈನಿ ಎದುರುಮನೆಯ ಮಾಸ್ತರರ ಮನೆಯವರನ್ನು ತಾವಾಗಿಯೇ ಕರೆದರು. ಆದರೆ ನಗು ಮುಗಿದ ಮೇಲೆ ಅವರೇ ಕೇಳಿದ ಪ್ರಶ್ನೆ ಅಷ್ಟೂ ಜನರಲ್ಲಿ ಯಾರೂ ಕೇಳಿರಲಿಲ್ಲ: ‘ಇಷ್ಟ ಬಿಗದ ಮ್ಯಾಲೆ ದೋಣಿ ಮಗಚಿದ್ರ ಇವರು ಹೊರಗ ಬರೂದು ಹೆಂಗ?’

ಬಿಗಿ ಎಷ್ಟಿರಬೇಕು ಎಂಬುದಕ್ಕೆ ಅದೇ ಮಿತಿ. ಪ್ಯಾಡು ತಾಗಬೇಕು, ಕಚ್ಚಬಾರದು. ಕಾಲು ಸಡಿಲು ಬಿಟ್ಟ ಕೂಡಲೇ ಮೈ ಜಾರಿ ಹೊರಬೀಳಬೇಕು. ಬೆಲ್ಟು, ಹಗ್ಗ, ಕೊಕ್ಕೆ ಯಾವುದೂ ಕೂಡದು. ಸ್ಕರ್ಟಿನ ಮುಂದಿರುವ ಎಳೆಯುವ ಕುಣಿಕೆ ಯಾವಾಗಲೂ ಹೊರಗೇ ಇರಬೇಕು. ಅಪ್ಪಿತಪ್ಪಿ ಒಳಗೆ ಸೇರಿಕೊಂಡರೆ ತಲೆಕೆಳಗಾದಾಗ ಹುಡುಕಲು ಪುರುಸೊತ್ತಿರುವುದಿಲ್ಲ. ಮುಂದಕ್ಕೆ ಬಾಗು, ಕುಣಿಕೆ ಎಳೆ, ಅಂಚಿಗೆ ಕೈ ಊರಿ ಮೈ ಹೊರದಬ್ಬು. ಇದನ್ನು ಕಣ್ಣು ಮುಚ್ಚಿಸಿ ಪೋರ್ಚಿನಲ್ಲೇ ರೂಢಿ ಮಾಡಿಸಿದರು, ಕುಕ್ಕರು ಒಂದು ಸೀಟಿ ಹೊಡೆಯುವುದರೊಳಗೆ ಹೊರಬರಬೇಕೆಂಬ ಷರತ್ತು ವೈನಿಯದು. ಆಮೇಲೆ ಆಳವಿಲ್ಲದ ನೀರಿನಲ್ಲಿ, ಮಗಳು ಪಕ್ಕದಲ್ಲಿ ನಿಂತು. ಅವಳಾದರೋ ಮಗುಚಿದ ದೋಣಿಯಿಂದ ಹೊರಬರುವುದಿಲ್ಲ, ದೋಣಿಯನ್ನೇ ಸುತ್ತಿಸಿ ಮೇಲೆ ಬರುತ್ತಾಳೆ. ಇನುಯಿಟರಿಗೆ ಇದು ಹೊಟ್ಟೆಪಾಡಿನ ವಿದ್ಯೆ. 1927ರಲ್ಲಿ ಆಸ್ಟ್ರಿಯಾದ ಎಡಿ ಹಾನ್ಸ್ ಪಾವ್ಲಾಟಾ ಪುಸ್ತಕ ಓದಿ ಓದಿಯೇ ಇದನ್ನು ಸಾಧಿಸಿದ, ಯುರೋಪಿನವರಲ್ಲಿ ಮೊದಲಿಗನೆಂದು ಅವನ ಹೆಸರು. ಅದು ತೋಳಿನ ಬಲದ ಕೆಲಸವಲ್ಲ. ಮೊಣಕಾಲು ಬ್ರೇಸಿಗೆ ಒತ್ತಿ ಟೊಂಕ ಕೊಡವಿದರೆ ದೋಣಿ ಮೊದಲು ಏಳುತ್ತದೆ, ತಲೆ ಕೊನೆಗೆ. ಅಣ್ಣನದು ಸದ್ಯ ತಲೆಯೇ ಮೊದಲು.

ಎಬಿಸಿಡಿ ಹೊಲಿಗೆಯ ದೋಣಿ ಖಾನಾಪುರದಲ್ಲಿ ಮತ್ತೆ ನೀರಿಗಿಳಿದಾಗ ಅದು ನೆಟ್ಟಗೆ ಹೋಯಿತು. ಅಣ್ಣ ತುಟಿ ಬಿಗಿದು, ನಡು ತಿರುಗಿಸಿ, ಆಚೆ ದಡ ಮುಟ್ಟಿ ಬಂದ. ಬರುವಾಗ ಎಡ ಮೊಣಕೈ ಅಭ್ಯಾಸಬಲದಿಂದ ಗಾಳಿಯಲ್ಲಿ ಲೋಡು ಹುಡುಕಿತು, ‘ಜಿ’ ಪ್ಯಾಡು ತಡೆಯಿತು. ದಡದಲ್ಲಿದ್ದ ಹಳೆಯ ಗಿರಾಕಿ ತಾನೂ ಒಂದು ಸುತ್ತು ಹೋಗುತ್ತೇನೆಂದು ಇಳಿಯಲು ನೋಡಿದರು, ಟೊಂಕ ಅರ್ಧಕ್ಕೇ ನಿಂತಿತು. ಅಣ್ಣನಿಗೆ ಆದ ಸಂತೋಷ ಆಚೆ ದಡ ಮುಟ್ಟಿದಾಗಲೂ ಆಗಿರಲಿಲ್ಲ.

ಉಳಿದದ್ದು ಒಂದು ವಾದ. ಇಡೀ ದಿನದ ಪ್ರವಾಸಕ್ಕೆ ಹೋಗುವುದಾದರೆ ಕುಂದಾದ ಡಬ್ಬಿ ಎಲ್ಲಿಡುವುದು ಎಂದು ವೈನಿ ಕೇಳಿದರು. ಬೆಳಗಾವಿಯಿಂದ ಹೊರಟವರು ಕುಂದಾ ಇಲ್ಲದೆ ಊರ ಗಡಿ ದಾಟುವುದುಂಟೆ? ಅಣ್ಣನ ವಾಲಾಟ ಎಡಕ್ಕಿರುವುದರಿಂದ ಡಬ್ಬಿಯನ್ನು ಬಲಮಗ್ಗುಲಿಗೆ ಇಟ್ಟರೆ ಸರಿದೂಗುತ್ತದೆ ಎಂದು ಅವರ ಸೂಚನೆ. ಮಗಳು ಒಪ್ಪಲಿಲ್ಲ. ಕಾಕ್‌ಪಿಟ್ಟಿನೊಳಗೆ ಕಾಲಿನ ಹತ್ತಿರ ಬಿಡಿ ಸಾಮಾನು ಇಡುವಂತಿಲ್ಲ, ಹೊರಬರುವಾಗ ಅಡ್ಡವಾಗುತ್ತದೆ. ಭಾರವೇನಿದ್ದರೂ ತಳಕ್ಕೆ ಹತ್ತಿರ, ಎಡಬಲದ ನಡುವೆ ಇರಬೇಕು.

‘ಹಂಗಾದ್ರ ಹತ್ತೂಕಿಂತ ಮೊದಲ ತಿಂದ ಹತ್ತತೇನಿ’ ಅಂದ ಅಣ್ಣ. ‘ತಳಕ್ಕೂ ಹತ್ತಿರ, ನಡುವೂ ಆತು.’